ಒಂದೆಲಗದ ಸಾರ: ಹಚ್ಚುವುದು ಬೇರೆ, ಸೇವಿಸುವುದು ಬೇರೆಯೇ?

ಪ್ರಶ್ನೆ: ಕ್ರೀಮಿನ ಡಬ್ಬಿಯ ಮೇಲಿರುವ ‘ಸೆಂಟೆಲ್ಲಾ ಏಷಿಯಾಟಿಕಾ ಸಾರ’ ಎಂಬುದು ಒಂದೆಲಗವೇ? ಬ್ರಾಹ್ಮಿ ಎಂದು ಮಾರುವ ಮಾತ್ರೆಗಳಲ್ಲಿ ಇರುವುದೂ ಇದೇ ಗಿಡವೇ? ಮೊಡವೆ ವಾಸಿಯಾದ ಮೇಲೆ ಉಳಿದ ಕಲೆಗಳಿಗೆ ಇದರಿಂದ ಪ್ರಯೋಜನವಾಗಬಹುದೇ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಹೌದು, ಅದು ಒಂದೆಲಗವೇ. ಆದರೆ ಬ್ರಾಹ್ಮಿ ಎಂಬ ಹೆಸರು ಬಕೋಪಾ ಮೊನ್ನಿಯೆರಿ ಎಂಬ ಇನ್ನೊಂದು ಗಿಡಕ್ಕೂ ಇದ್ದು, ಒಂದೆಲಗವು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ್ದರೆ ಆ ಗಿಡದ ಕುಟುಂಬವೇ ಬೇರೆ. ಆದ್ದರಿಂದ ಲೇಬಲ್ಲಿನಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನೇ ನೋಡುವುದು ಒಳಿತು.

ಉತ್ತರ 2: ಈ ಸಾರದ ಗುಣಕ್ಕೆ ಮುಖ್ಯ ಕಾರಣವಾದವು ಏಷಿಯಾಟಿಕೋಸೈಡ್, ಮಡೆಕಾಸೋಸೈಡ್ ಎಂಬ ರಾಸಾಯನಿಕಗಳು ಹಾಗೂ ಇವೆರಡರ ಆಮ್ಲರೂಪಗಳು. ಇವು ಚರ್ಮದ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳಲ್ಲಿ ಕೊಲ್ಯಾಜನ್ (ಚರ್ಮಕ್ಕೆ ಬಲ ಕೊಡುವ ಪ್ರೋಟೀನ್) ತಯಾರಿಕೆಯನ್ನು ಹೆಚ್ಚಿಸುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿರುವುದರಿಂದಲೇ ಗಾಯ ಮಾಯಿಸುವ ಮುಲಾಮುಗಳಲ್ಲಿ ಇದಕ್ಕೆ ಸ್ಥಾನ ದೊರೆತಿದೆ. ಕೆಂಪಾಗಿ ಉರಿಯುವ ಚರ್ಮಕ್ಕೆ ಇದು ಹಿತವಾಗಬಹುದು. ಮೊಡವೆಯ ಹಳೆಯ ಕುಳಿಗಳು ಕ್ರೀಮಿನಿಂದ ತುಂಬಿಕೊಳ್ಳುತ್ತವೆ ಎಂದು ಮಾತ್ರ ನಂಬಬೇಡಿ. ಜಾಹೀರಾತುಗಳು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ! ಅಪರೂಪಕ್ಕೆ ಅಲರ್ಜಿಯೂ ಆಗುವುದರಿಂದ, ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡಿ.

ಉತ್ತರ 3: ಸೇವಿಸುವ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಂದೆಲಗದ ಸಾಂದ್ರೀಕರಿಸಿದ ಮಾತ್ರೆಗಳನ್ನು ಅಡುಗೆಗೆ ಬಳಸುವ ಸೊಪ್ಪಿನಂತೆ ಭಾವಿಸಲಾಗದು. ಅವುಗಳನ್ನು ವಾರಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿವೆ. ಗರ್ಭಿಣಿಯರು ಮತ್ತು ಯಕೃತ್ತಿನ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನನ್ನ ಬಳಿಯಿರುವ ಮಾತ್ರೆಯ ಲೇಬಲ್ಲಿನಲ್ಲಿ ಬಕೋಪಾ ಎಂದೇ ಇದೆ.