‘ದ’ ಬಿಟ್ಟರೆ ಜೈಲು

ಜಯನಗರದ ದರ್ಶಿನಿ ಮುಂದೆ ಬೈಟು ಕಾಫಿ ಹಿಡಿದು ನಿಂತವರಿಗೆ ರಾಜಕೀಯ, ಟ್ರಾಫಿಕ್ಕು ಬಿಟ್ಟು ಬೇರೆ ವಿಷಯ ಸಿಗೋದೇ ಅಪರೂಪ. ಅವತ್ತು ಸೀನ ಒದಗಿಸಿದ. ಪೈಪ್ ಕಂಟ್ರಾಕ್ಟರ್ ಅವನು. ಪರಪ್ಪನ ಅಗ್ರಹಾರದಲ್ಲಿ ನಲ್ಲಿ ಕೆಲಸ ಇದೆ, ನಾಳೆ ಬರಕ್ಕಾಗಲ್ಲ ಅಂತ ಲೋನಿನವರಿಗೆ ಇಂಗ್ಲಿಷಲ್ಲೇ ಮೆಸೇಜು ಹಾಕಿದ್ದ: ‘ಐ ಆಮ್ ಗೋಯಿಂಗ್ ಟು ಪ್ರಿಸನ್.’

“ಕಳಿಸೇಬಿಟ್ಯೇನೋ?” ಪದ್ಮಕ್ಕ ಲೋಟ ಕೆಳಗಿಟ್ಟರು. ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರಾದವರು.

“ಹೋಗ್ತಿರೋದು ನಿಜ ತಾನೇ ಅಕ್ಕ?”

“ಇಂಗ್ಲಿಷಿನ ‘ದ’ (the) ಇಲ್ಲದ ಪ್ರಿಸನ್ನಿಗೆ ಹೋಗೋನು ಕೈದಿ ಕಣೋ. ನಲ್ಲಿ ರಿಪೇರಿಯವನು ‘ದ ಪ್ರಿಸನ್’ಗೆ ಹೋಗಬೇಕು. ಬ್ರಿಟಿಷರಲ್ಲಿ ‘ಇನ್ ಹಾಸ್ಪಿಟಲ್’ ಅಂದ್ರೆ ಪೇಷೆಂಟು. ಅಮೆರಿಕದವರು ಪೇಷೆಂಟಿಗೂ ‘ದ’ ಹಾಕ್ತಾರೆ.”

“ಅಲ್ಲಿನ ಬಿಲ್ಲಿಗೆ ಅದೊಂದು ಕಮ್ಮಿ ಇತ್ತು” ಅಂದ ಗಿರಿ. “ಕನ್ನಡ ನೋಡಿ, ಈ ರಗಳೇನೇ ಇಲ್ಲ.”

ನನಗೆ ಸುಮ್ಮನಿರೋಕಾಗಲಿಲ್ಲ. “ಯಾಕಿಲ್ಲ? ‘ದೋಸೆ ತಿಂದ್ಯಾ?’ ಅಂದ್ರೆ ತಿಂಡಿ ಆಯ್ತಾ ಅಂತ. ‘ದೋಸೇನ ತಿಂದ್ಬಿಟ್ಯಾ?’ ಅಂದ್ರೆ ಇಲ್ಲಿಟ್ಟಿದ್ದ ನನ್ನ ದೋಸೆ ಎಲ್ಲೋ ಅಂತ. ಯಾವ ದೋಸೆ ಅನ್ನೋದು ಇಬ್ಬರಿಗೂ ಗೊತ್ತು. ಅವರು ಮುಂದೆ ‘ದ’ ಹಚ್ತಾರೆ, ನಾವು ಹಿಂದೆ ‘ಅನ್ನು’ ಹಚ್ತೀವಿ, ಅಷ್ಟೇ.”

ಪದ್ಮಕ್ಕ ತಲೆದೂಗಿದರು. ಆದರೆ ಊರು, ನದಿ, ಬೆಟ್ಟದ ಹೆಸರಿಗೆ ಬಂದರೆ ಈ ಲೆಕ್ಕವೂ ಕೈಕೊಡುತ್ತದಂತೆ. ಹಿಮಾಲಯದ ಸಾಲಿಗೆ ‘ದ’ ಉಂಟು, ಒಂಟಿ ಎವರೆಸ್ಟಿಗೆ ಇಲ್ಲ. ನದಿಗೆ ಉಂಟು, ಒಂದೊಂದೇ ಕೆರೆಗೆ ಇಲ್ಲ.

“ಅಂದ್ರೆ ಮೋರಿಯಾಗಿ ಹರಿಯೋ ನಮ್ಮ ವೃಷಭಾವತಿಗೂ ‘ದ’?”

“ಹುಟ್ಟಿನಿಂದ ನದಿ ತಾನೇ? ಉಂಟು.”

“ಬೆಳ್ಳಂದೂರು ಕೆರೆ ನೊರೆ ಉಕ್ಕಿಸ್ತು, 2017ರಲ್ಲಿ ಬೆಂಕೀನೂ ಹಚ್ಕೊಳ್ತು. ಆದ್ರೂ ಇಲ್ವಾ?”

“ಇಲ್ಲ.”

ಗಿರಿಗೆ ಈ ಅನ್ಯಾಯ ಸಹಿಸಲಾಗಲಿಲ್ಲ. ‘ಎ’ (a), ‘ಆನ್’ (an) ಆದರೂ ಸುಲಭ, ಎ-ಇ-ಐ-ಒ-ಯು ನೋಡಿದರಾಯ್ತು ಅಂದ. ಅದೂ ಇಲ್ಲ. ಅಕ್ಷರ ನೋಡಬಾರದು, ಕಿವಿಗೆ ಬೀಳೋ ಸ್ವರ ಕೇಳಬೇಕು. ಹಾಗಾಗಿ ‘ಎ ಯೂನಿವರ್ಸಿಟಿ’, ‘ಆನ್ ಅವರ್’ (hour). ಪೂರ್ತಿ ಬಿಡಿಸಿ ಹೇಳಿದರೆ ‘ಎ ಮೆಂಬರ್’, ಚಿಕ್ಕದಾಗಿ ಹೇಳಿದರೆ ‘ಆನ್ ಎಂಎಲ್‌ಎ’.

“ಎಂಎಲ್‌ಎ ಆದ ಮೇಲೆ ಸ್ವರ ಬದಲಾಗೋದು ಇದ್ದದ್ದೇ ಬಿಡಿ” ಅಂದ ಸೀನ.

“ಇಂಗ್ಲಿಷರೇ ಇದರಲ್ಲಿ ಎಡವಿದಾರೆ” ಅಂತ ಪದ್ಮಕ್ಕ ದನಿ ತಗ್ಗಿಸಿದರು, ಪಕ್ಕದಲ್ಲೇ ಬ್ರಿಟಿಷರು ನಿಂತು ವಡೆ ತಿಂತಿದಾರೇನೋ ಅನ್ನೋ ಹಾಗೆ. “ಏಪ್ರನ್ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಅನ್ತಾ ಅನ್ತಾ ‘ನ’ಕಾರ ಹಿಂದಕ್ಕೆ ಸರಿದು ‘ಆನ್ ಏಪ್ರನ್’ ಆಯ್ತು. ಅಂಪೈರೂ ಹಾಗೇ, ಅದಕ್ಕೂ ಮೊದಲು ‘ನ’ ಇತ್ತು.”

“ನೋಡಿ ಮತ್ತೆ, ಅಂಪೈರ್ ಹುಟ್ಟಿದ್ದೇ ತಪ್ಪು ತೀರ್ಪಿಂದ!” ಗಿರಿ ಕಾಫಿ ಲೋಟ ಎತ್ತಿ ಔಟ್ ಕೊಟ್ಟ. “ಆಗಲೇ ಡಿಆರ್‌ಎಸ್ ಇದ್ದಿದ್ರೆ ‘ನ’ ನಾಟ್‌ಔಟ್ ಆಗ್ತಿತ್ತು.”