ಪ್ರಶ್ನೋತ್ತರ: ಐಟಿ ಕೆಲಸ, ಫೋನು, ಕಂಪ್ಯೂಟರು (ಈ ವಾರ ಉತ್ತರಿಸುವವರು: ಸರ್ವರ್ ರೂಮ್)

ಬಿಕಾಂ ಬ್ಯಾಚ್: ಸರ್, ಬಿಕಾಂ ಮುಗಿಸಿದೀನಿ, ಕೋಡಿಂಗ್ ಬರಲ್ಲ. ಐಟಿಗೆ ಬರಬಹುದಾ?

ಸರ್ವರ್ ರೂಮ್: ಬರಬಹುದು. ಸರ್ವಿಸ್ ಡೆಸ್ಕ್ ಅಥವಾ ನೆಟ್‌ವರ್ಕ್ ಸಪೋರ್ಟ್ ಕಡೆಯಿಂದ ಬನ್ನಿ. 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸೋ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಉಬುಂಟು ಸರ್ವರ್ (ಒಂದು ಬಗೆಯ ಲಿನಕ್ಸ್) ಹಾಕಿ ಕಲೀರಿ. ನೆಟ್‌ವರ್ಕಿಗೆ ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲೇ ನಕಲಿ ನೆಟ್‌ವರ್ಕ್ ಕಟ್ಟಿ ಕಲಿಯೋ ಸಾಫ್ಟ್‌ವೇರ್) ಸಾಕು, ಉಚಿತ. ಇಂಟರ್‌ವ್ಯೂನಲ್ಲಿ ಕೇಳೋದು ಇಂಥವು: 169.254 ಅಂತ ಶುರುವಾಗೋ ಐಪಿ ಬಂದಿದೆ ಅಂದ್ರೆ ಏನು? (ಯಂತ್ರಗಳಿಗೆ ಐಪಿ ವಿಳಾಸ ಹಂಚೋ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ.) 8.8.8.8ಕ್ಕೆ ಪಿಂಗ್ ಹೋಗುತ್ತೆ, ವೆಬ್‌ಸೈಟ್ ಹೆಸರಿಗೆ ಹೋಗಲ್ಲ, ಯಾಕೆ? (ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸೋ ಡಿಎನ್‌ಎಸ್ ಮೊದಲು ನೋಡಿ.) /26 ಸಬ್‌ನೆಟ್‌ನಲ್ಲಿ ಎಷ್ಟು ಯಂತ್ರ ಕೂರ್ತವೆ? (64 ವಿಳಾಸದಲ್ಲಿ ಎರಡು ಮೀಸಲು, ಉಳಿದದ್ದು 62.) ಇಷ್ಟು ಗಟ್ಟಿಯಾದ ಮೇಲೆ ಸಿಸಿಎನ್‌ಎಗೆ (ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಪರೀಕ್ಷೆ) ದುಡ್ಡು ಹಾಕಿ, ಮೊದಲೇ ಬೇಡ.

ತುಂಗಾ ತೀರ: ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್ ವಾಟ್ಸಾಪಿಗೆ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರ ಬರ್ತಿದೆ. ಏನು ಮಾಡಲಿ?

ಕಾಫಿ ಡೇಸ್: ಬಿಎಸ್ಸಿ ಆಗಿದೆ, ಕೋಡಿಂಗ್ ಇಷ್ಟ ಇಲ್ಲ. ಐಟಿಗೆ ಬರಬಹುದಾ?

ಸರ್ವರ್ ರೂಮ್: ಮೇಲಿನ ಉತ್ತರವೇ.

ಮಂಡ್ಯದ ಮಗಳು: ಅಪ್ಪನ ವಾಟ್ಸಾಪಿಗೆ ಗುರುತಿನವರ ನಂಬರಿನಿಂದ ‘ಟ್ರಾಫಿಕ್ ಚಲನ್’ ಅಂತ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕೋ ಫೈಲ್) ಬಂತು. ನಿನ್ನೆ ರಾತ್ರಿ ಇನ್‌ಸ್ಟಾಲ್ ಮಾಡಿದ್ದಾರೆ. ₹1 ಕಟ್ಟಿ ಅಂತ ಕಾರ್ಡ್ ವಿವರ ಕೇಳ್ತಂತೆ, ಅದನ್ನೂ ಹಾಕಿದ್ದಾರೆ. ಈಗ ಆ ಆ್ಯಪ್‌ನ ಐಕಾನೇ ಕಾಣ್ತಿಲ್ಲ. ದುಡ್ಡಂತೂ ಹೋಗಿಲ್ಲ. ಚಿಂತೆ ಮಾಡಬೇಕಾ?

ಸರ್ವರ್ ರೂಮ್: ಮಾಡಬೇಕು, ಈಗಲೇ. ಐಕಾನ್ ಕಾಣ್ತಿಲ್ಲ ಅಂದ್ರೆ ಆ್ಯಪ್ ಹೋಗಿಲ್ಲ, ಅಡಗಿದೆ. ಇಂಥವು ಎಸ್ಸೆಮ್ಮೆಸ್ ಅನುಮತಿ ಪಡೆದು ಓಟಿಪಿಗಳನ್ನು ವಂಚಕರಿಗೆ ದಾಟಿಸ್ತವೆ. ಆಕ್ಸೆಸಿಬಿಲಿಟಿ (ಅಂಗವಿಕಲರ ನೆರವಿಗಿರೋ ಸೌಲಭ್ಯ) ಅನುಮತಿಯೂ ಸಿಕ್ಕಿದ್ರೆ ಪರದೆ ಓದಿ, ತಾವೇ ಬಟನ್ ಒತ್ತಬಲ್ಲವು. ಕಾರ್ಡ್ ವಿವರ ಅವರ ಕೈಯಲ್ಲಿದೆ, ಓಟಿಪಿಯೂ ಹೋಗ್ತಿದ್ರೆ ಖಾತೆ ತೆರೆದಿಟ್ಟ ಹಾಗೆ.

ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಬೇರೆಯಾಗಿ ಆರಿಸಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಆ ಫೋನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡು, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ. ದೂರಿನ ಸಂಖ್ಯೆ ಬರೆದಿಟ್ಕೊಳ್ಳಿ. ಆರ್‌ಬಿಐನ 2017ರ ಸುತ್ತೋಲೆ ಪ್ರಕಾರ ಗ್ರಾಹಕರ ಅಜಾಗರೂಕತೆಯಿಂದ ಹೋದ ಹಣ ಬ್ಯಾಂಕಿಗೆ ತಿಳಿಸೋವರೆಗೆ ಗ್ರಾಹಕರದೇ ನಷ್ಟ, ತಿಳಿಸಿದ ಮೇಲಿನದು ಬ್ಯಾಂಕಿನ ಹೊಣೆ. ಹಾಗಾಗಿ ಕರೆ ಮಾಡಿದ ಸಮಯ ಮುಖ್ಯ. ಒಂದು ರೂಪಾಯಿ ಹೋಗಿದ್ದು ಕಂಡ್ರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಮೇಲೆ ಫೋನು. ಪವರ್ ಮೆನುವಿನ ‘ಪವರ್ ಆಫ್’ ಒತ್ತಿ ಹಿಡಿದ್ರೆ ಬಹಳಷ್ಟು ಫೋನಲ್ಲಿ ಸೇಫ್ ಮೋಡ್ ಬರುತ್ತೆ, ಅದರಲ್ಲಿ ಆಮೇಲೆ ಹಾಕಿದ ಆ್ಯಪ್‌ಗಳು ಓಡಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಲ್ಲಾ ಆ್ಯಪ್‌ಗಳ ಪಟ್ಟಿ ತೆಗೆದು, ನಿನ್ನೆ ಬಂದದ್ದನ್ನು ಹುಡುಕಿ. ಹೆಸರು ‘ಸಿಸ್ಟಮ್ ಅಪ್‌ಡೇಟ್’ ಅಂತಲೂ ಇರಬಹುದು. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ರೆ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ಗೆ ಹೋಗಿ ಅದರ ಟಿಕ್ ತೆಗೆದು ಮತ್ತೆ ಪ್ರಯತ್ನಿಸಿ. ಇದಾದ ಮೇಲೂ ಫ್ಯಾಕ್ಟರಿ ರೀಸೆಟ್ ಮಾಡಲೇಬೇಕು. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ನೋಡಿ ಗೊತ್ತಿಲ್ಲದ್ದನ್ನೆಲ್ಲ ಲಾಗೌಟ್ ಮಾಡಿ. ಫೈಲ್ ಕಳಿಸಿದ ಗುರುತಿನವರಿಗೂ ಕರೆ ಮಾಡಿ, ಅವರ ಫೋನಿಗೂ ಇದೇ ಬಡಿದಿರುತ್ತೆ.

ಶುಭೋದಯ ಗ್ರೂಪ್: ಅಕ್ಕಾ ಇಷ್ಟೆಲ್ಲಾ ಬೇಡ, *#21# ಒತ್ತಿದ್ರೆ ಹ್ಯಾಕರ್ ಲೈನ್ ಕಟ್ ಆಗುತ್ತೆ. ಎಟಿಎಂನಲ್ಲಿ ಕ್ಯಾನ್ಸಲ್ ಎರಡು ಸಲ ಒತ್ತಿದ್ರೆ ಪಿನ್ ಕದಿಯಕ್ಕಾಗಲ್ಲ. ಎಲ್ಲರಿಗೂ ಶೇರ್ ಮಾಡಿ 🙏

ಸರ್ವರ್ ರೂಮ್: *#21# ಕಾಲ್ ಫಾರ್ವರ್ಡ್ ಆಗಿದೆಯಾ ಅಂತ ತೋರಿಸುತ್ತೆ, ಏನನ್ನೂ ಕಟ್ ಮಾಡಲ್ಲ. ಕ್ಯಾನ್ಸಲ್ ಕಥೆ ಶುದ್ಧ ಸುಳ್ಳು. ಇಂಥದ್ದನ್ನು ನಂಬಿ ಇವರು ಒಂದು ಗಂಟೆ ಸುಮ್ಮನಿದ್ರೆ ಖಾತೆ ಖಾಲಿ. ದಯವಿಟ್ಟು ಫಾರ್ವರ್ಡ್ ನಿಲ್ಲಿಸಿ.

ಶುಭೋದಯ ಗ್ರೂಪ್: ಒಳ್ಳೇದಕ್ಕೆ ಹೇಳಿದ್ದು ಸರ್.

ಹುಬ್ಳಿ ಹುಡುಗ: ಸರ, ಒಂದು ಕನ್ಸಲ್ಟೆನ್ಸಿಯವ್ರು ₹40,000 ಕೊಟ್ರ 3 ವರ್ಷದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೊಡ್ತೀವಿ ಅಂತಾರ. ತಗೋಬಹುದೇನ್ರಿ?

ಸರ್ವರ್ ರೂಮ್: ಬೇಡ.

ನೈಟ್ ಶಿಫ್ಟ್: ಎಲ್ಲರೂ ಹಾಕ್ತಾರೆ ಗುರು. ಫ್ರೆಶರ್ ಅಂದ್ರೆ ರೆಸ್ಯೂಮೆ ತೆಗೆದೂ ನೋಡಲ್ಲ.

ಎಚ್‌ಆರ್ ಅಕ್ಕ: ನೋಡಲ್ಲ ಅಂತ ಸುಳ್ಳು ಹಾಕೋದಾ? ವೆರಿಫಿಕೇಶನ್ನಿನವರು ಯುಎಎನ್ (ಪಿಎಫ್ ಖಾತೆಯ ನಂಬರ್) ಸರ್ವಿಸ್ ಹಿಸ್ಟರಿ ಕೇಳ್ತಾರೆ. ಯಾವ ಕಂಪನಿ, ಸೇರಿದ ದಿನ, ಬಿಟ್ಟ ದಿನ ಎಲ್ಲಾ ಅದರಲ್ಲಿರುತ್ತೆ.

ನೈಟ್ ಶಿಫ್ಟ್: ಪಿಎಫ್ ಕಟ್ಟದ ಸಣ್ಣ ಕಂಪನಿ ಅಂದ್ರಾಯ್ತು.

ಎಚ್‌ಆರ್ ಅಕ್ಕ: ಆಗ ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತೀವಿ. ಅದನ್ನೂ ತಿದ್ದಿ ಕೊಡ್ತೀರಾ?

ನೈಟ್ ಶಿಫ್ಟ್: ನಿಮ್ಮಂಥವರಿಂದಾನೇ ಹಳ್ಳಿ ಹುಡುಗರು ಒಳಗೆ ಬರಕ್ಕಾಗ್ತಿಲ್ಲ.

ಎಚ್‌ಆರ್ ಅಕ್ಕ: ನಾನೂ ಹಳ್ಳಿಯವಳೇ. ಬಾಯಿಗೆ ಬಂದಂಗೆ ಮಾತಾಡ್ಬೇಡಿ.

ಹುಬ್ಳಿ ಹುಡುಗ: ₹5,000 ಅಡ್ವಾನ್ಸ್ ಕೊಟ್ಟೀನ್ರಿ. ವಾಪಸ್ ಬರ್ತದೇನು?

ನೈಟ್ ಶಿಫ್ಟ್: ಅಡ್ಮಿನ್, ಇವರು ಯಾರು ನಮಗೆ ಪಾಠ ಹೇಳಕ್ಕೆ?

ಸರ್ವರ್ ರೂಮ್: ಜಗಳ ಬೇರೆ ಕಡೆ ಆಡಿ. ಮಂಡ್ಯದವರು ಬ್ಯಾಂಕಿಗೆ ಕರೆ ಮಾಡಿದ್ರಾ?

ತುಂಗಾ ತೀರ: ನನ್ನ ನುಡಿ ಫೈಲ್?

ಮಂಡ್ಯದ ಮಗಳು: ಮಾಡಿದ್ವಿ ಸರ್, ಮೂರೂ ನಿಲ್ಲಿಸಿದ್ರು. ‘ಕಸ್ಟಮರ್ ಸಪೋರ್ಟ್’ ಅಂತ ಒಂದು ಆ್ಯಪ್ ಸಿಕ್ತು, ಅಡ್ಮಿನ್ ಟಿಕ್ ತೆಗೆದ ಮೇಲೆ ಹೋಯ್ತು. ಅಪ್ಪ ಫೋಟೋ ಹೋಗುತ್ತೆ ಅಂತ ರೀಸೆಟ್ ಬೇಡ ಅಂತಿದ್ದಾರೆ.

ಸರ್ವರ್ ರೂಮ್: ನೆಟ್ ಆನ್ ಮಾಡದೆ, ಕೇಬಲ್ ಹಾಕಿ ಫೋಟೋ ಮಾತ್ರ ಕಂಪ್ಯೂಟರಿಗೆ ತೆಗೀರಿ. ಡೌನ್‌ಲೋಡ್ ಫೋಲ್ಡರ್ ಮುಟ್ಟಬೇಡಿ, ಆ ಎಪಿಕೆ ಅಲ್ಲೇ ಇರಬಹುದು. ಗೂಗಲ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ, ಅದು ನೆನಪಿರಲಿ, ರೀಸೆಟ್ ಆದ ಮೇಲೆ ಕೇಳುತ್ತೆ. ನಂತರ ರೀಸೆಟ್. ಆ್ಯಪ್‌ಗಳನ್ನು ಬ್ಯಾಕಪ್ಪಿಂದ ತರಬೇಡಿ, ಪ್ಲೇ ಸ್ಟೋರಿಂದ ಒಂದೊಂದಾಗಿ ಹಾಕಿ. ಬ್ಯಾಂಕ್ ಆ್ಯಪ್ ಎಲ್ಲಕ್ಕಿಂತ ಕೊನೆಗೆ.

ಕಾಫಿ ಡೇಸ್: ಸರ್, ಎಂಕಾಂ ಮಾಡಿದವರಿಗೂ ಇದೇ ಉತ್ತರಾನಾ?