ಪದಚರ್ಚೆ: ಶೆಲ್ ಸ್ಕ್ರಿಪ್ಟಿನಲ್ಲಿ ಓಎಸ್ ‘ಪತ್ತೆ’ ಎನ್ನುವುದು ಸರಿಯೇ?

ನಮಸ್ಕಾರ.

ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಬೇಕಾದ ಶೆಲ್ ಸ್ಕ್ರಿಪ್ಟು (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ) ತಾನು ಯಾವ ಓಎಸ್ (ಕಾರ್ಯಾಚರಣ ವ್ಯವಸ್ಥೆ) ಮೇಲಿದ್ದೇನೆಂದು ಮೊದಲು ತಿಳಿಯಬೇಕು. ಇಂಗ್ಲಿಷಿನಲ್ಲಿ ‘ಡಿಟೆಕ್ಷನ್’ ಎನ್ನುವ ಇದನ್ನು ‘ಓಎಸ್ ಪತ್ತೆ’ ಎಂದು ಬರೆಯುವುದು ಸರಿಯೇ?

ಪತ್ತೆ ಹಚ್ಚುವುದು ಕಳೆದದ್ದನ್ನು, ಬಚ್ಚಿಟ್ಟದ್ದನ್ನು. ಇಲ್ಲಿ ವ್ಯವಸ್ಥೆಯ ಹೆಸರು ಕೇಳುವ ‘ಯುನೇಮ್ -ಎಸ್’ ಆಜ್ಞೆ ಕೊಟ್ಟರೆ ಲಿನಕ್ಸ್ ತನ್ನ ಹೆಸರನ್ನು ತಾನೇ ಹೇಳುತ್ತದೆ. ಮ್ಯಾಕ್ ಒಳಗಿನ ವ್ಯವಸ್ಥೆಯ ಹೆಸರಾದ ‘ಡಾರ್ವಿನ್’ ಎನ್ನುತ್ತದೆ. ವಿಂಡೋಸಿನಲ್ಲಿ ಶೆಲ್ ಆಜ್ಞೆಗಳನ್ನು ಓಡಿಸಲು ಬಳಸುವ ಗಿಟ್ ಬ್ಯಾಷ್ ‘ಮಿನ್‌ಜಿಡಬ್ಲ್ಯೂ64_ಎನ್‌ಟಿ-10.0’ ಎಂದು ಬಾಲ ಸೇರಿಸುತ್ತದೆ. ಹಾಗಾಗಿ ಪೂರ್ತಿ ಹೆಸರಿಗೆ ಹೋಲಿಸಬಾರದು. ಮೊದಲ ಅಕ್ಷರಗಳನ್ನು ಬರೆದು, ಮುಂದೆ ಏನಿದ್ದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ ಇಡಬೇಕು.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ನೋಡಿ ಹೇಳುವುದು ಗುರುತಿಸುವುದು. ಆಮೇಲೆ ಬೇರೆಬೇರೆ ಮಾಡುವುದು ವಿಂಗಡಣೆ. ಯುನೇಮ್ ಮಾಡುವುದು ಮೊದಲನೆಯದನ್ನು, ಹೆಸರಿಗೆ ತಕ್ಕಂತೆ ಬೇರೆಬೇರೆ ಕವಲಿಗೆ ಕಳಿಸುವ ‘ಕೇಸ್’ ಮಾಡುವುದು ಎರಡನೆಯದನ್ನು. ಇಂಗ್ಲಿಷು ಒಂದೇ ಪದದಲ್ಲಿ ಮುಗಿಸಿತೆಂದು ನಾವೂ ಬೆರೆಸಬೇಕಾಗಿಲ್ಲ.

‘ಪರೀಕ್ಷೆ’ ಇವೆರಡಕ್ಕಿಂತ ಬೇರೆ. ಕಡತವನ್ನು ಅದರಲ್ಲೇ ತಿದ್ದುವ ‘ಸೆಡ್ -ಐ’ ಆಜ್ಞೆ, ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ ಗ್ನೂ ಸೆಡ್‌ನಲ್ಲಿ ಹಾಗೆಯೇ ನಡೆಯುತ್ತದೆ. ಮ್ಯಾಕಿನ ಸೆಡ್ ಮುಂದೆ ಬ್ಯಾಕಪ್ ಕಡತದ ಬಾಲ ಕೇಳುತ್ತದೆ, ಬ್ಯಾಕಪ್ ಬೇಡವೆಂದರೆ ಖಾಲಿ ಉದ್ಧರಣ ಚಿಹ್ನೆಯನ್ನಾದರೂ ಕೊಡಬೇಕು. ಆದರೆ ಮ್ಯಾಕಿನಲ್ಲೇ ಗ್ನೂ ಸೆಡ್ ಹಾಕಿಕೊಂಡಿದ್ದರೆ? ಓಎಸ್ ಹೆಸರು ಸರಿ, ತೀರ್ಮಾನ ತಪ್ಪು. ‘ಸೆಡ್ --ವರ್ಷನ್’ ಓಡಿಸಿ ನೋಡಬೇಕು: ಗ್ನೂ ಉತ್ತರ ಕೊಡುತ್ತದೆ, ಮ್ಯಾಕಿನದು ದೋಷ ತೋರಿಸುತ್ತದೆ. ಸಲಕರಣೆಯ ಗುಣ ಮುಖ್ಯವಾದಲ್ಲೆಲ್ಲ ಪರೀಕ್ಷೆಯೇ ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಓಎಸ್ ಹೆಸರಿಗೆ ‘ಓಎಸ್‌ಟೈಪ್’ ಎಂಬ ಚರಾಂಶವನ್ನು (ವೇರಿಯಬಲ್) ನೆಚ್ಚುವವರು ಗಮನಿಸಿ: ಅದನ್ನು ತುಂಬಿಡುವುದು ಬ್ಯಾಷ್‌ನಂಥ ಕೆಲವು ಶೆಲ್‌ಗಳು ಮಾತ್ರ. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ ಮೂಲ ಶೆಲ್ ಆದ ‘/ಬಿನ್/ಎಸ್‌ಎಚ್’ ಎಂದರೆ ಬ್ಯಾಷ್ ಅಲ್ಲ, ಡ್ಯಾಷ್ ಎಂಬ ಇನ್ನೊಂದು ಶೆಲ್. ಅಲ್ಲಿ ಅದು ಖಾಲಿ.

‘ಪತ್ತೆ’ ನಿಜವಾಗಿ ಒಪ್ಪುವ ಜಾಗ ಒಂದಿದೆ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್‌ನಲ್ಲಿ ‘ಯುನೇಮ್ -ಎಸ್’ ಲಿನಕ್ಸ್ ಎಂದೇ ಹೇಳುತ್ತದೆ. ಅಡಿಯಲ್ಲಿ ವಿಂಡೋಸ್ ಇರುವ ಸುಳಿವು ಸಿಗುವುದು ಕರ್ನೆಲ್ಲಿನ ಆವೃತ್ತಿ ಹೇಳುವ ‘ಯುನೇಮ್ -ಆರ್’ ಕೊಡುವ ಸಾಲಿನ ‘ಮೈಕ್ರೋಸಾಫ್ಟ್’ ಎಂಬ ತುಣುಕಿನಲ್ಲಿ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಬರುವುದರಿಂದ ಭೇದ ಮಾಡದೆ ಹುಡುಕಬೇಕು.

ಉಳಿದ ಪ್ರಶ್ನೆ: ಯಾವುದಕ್ಕೂ ಹೊಂದದವರಿಗೆಂದು ‘ಕೇಸ್’ನ ಕೊನೆಯಲ್ಲಿ ಬರೀ ನಕ್ಷತ್ರದ ಕವಲು ಇರುತ್ತದಲ್ಲ, ಲಿನಕ್ಸ್ ಇರಬಹುದೆಂದು ಊಹಿಸದೆ ದೋಷ ತಿಳಿಸಿ ‘ಎಕ್ಸಿಟ್ 1’ (ವಿಫಲವೆಂದು ಹೇಳಿ ನಿಲ್ಲುವುದು) ಮಾಡಬೇಕಾದದ್ದು, ಅದನ್ನು ‘ಉಳಿಕೆ ಕವಲು’ ಎನ್ನಬಹುದೇ? ಇದಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ ತಿಳಿಸಿ.